ಏಳಲೊಲ್ಲದ ಲ್ಯಾಪ್‌ಟಾಪು

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಪಾರಿಶ್ವಾಡದ ಕಾಕಾ ಬೆಳಗಾವಿಯ ನಮ್ಮ ಮನೆಯ ಬಾಗಿಲಲ್ಲಿ ಬಂದು ನಿಂತರು. ಖಾನಾಪುರ ತಾಲೂಕಿನ ಆ ಊರಿನಿಂದ ಅವರು ಬಂದರೆಂದರೆ ಕೈಯಲ್ಲಿ ಶೇಂಗಾ ಹಿಂಡಿಯೋ ಕಟಕ ರೊಟ್ಟಿಯೋ ಇರಲೇಬೇಕು. ಅಂದು ಮಾತ್ರ ಹಳೆಯ ಧೋತರದಲ್ಲಿ ಸುತ್ತಿದ ಗಂಟೊಂದನ್ನು ಎಳೆಗೂಸಿನಂತೆ ಎದೆಗವಚಿಕೊಂಡಿದ್ದರು. ಬಿಚ್ಚಿ ನೋಡಿದರೆ, ಶಾಲಾ ಮಾಸ್ತರಿಕೆಯಿಂದ ನಿವೃತ್ತರಾದಾಗ ಅವರು ಕೊಂಡ ಲ್ಯಾಪ್‌ಟಾಪು. ಅದಕ್ಕೀಗ ಹನ್ನೆರಡು ವರ್ಷ.

“ತಮ್ಮಾ, ಇದು ಏಳವಲ್ದು ನೋಡು. ಅಂಗಡ್ಯಾವ ಮದರ್‌ಬೋರ್ಡ್ ಹೋಗೇತಿ, ಗುಜರಿಗೆ ಹಾಕ್ರಿ, ಹೊಸಾದು ತಗೋರಿ ಅಂದ,” ಎಂದು ಕುರ್ಚಿಯಲ್ಲಿ ಕುಳಿತರು.

ಹೊಸದನ್ನು ಕೊಳ್ಳುವ ಶಕ್ತಿ ಕಾಕಾರಿಗೆ ಇಲ್ಲದಿಲ್ಲ. ಆದರೆ ನಮ್ಮ ಕಾಕು ತೀರಿಕೊಂಡು ನಾಲ್ಕು ವರ್ಷವಾಯಿತು. ಆಕೆಗೆ ಬರುತ್ತಿದ್ದ ಬೀಸುವ ಹಾಡು, ಸೋಬಾನೆ ಹಾಡುಗಳನ್ನೆಲ್ಲ ಕಾಕಾ ಒಂದು ಬೇಸಿಗೆಯಲ್ಲಿ ಇದೇ ಯಂತ್ರದ ಮುಂದೆ ಕುಳ್ಳಿರಿಸಿ ಹಾಡಿಸಿ, ಧ್ವನಿ ಮುದ್ರಿಸಿ ಇಟ್ಟಿದ್ದರು. ಅದರ ಪ್ರತಿ ಬೇರೆಲ್ಲಿಯೂ ಇರಲಿಲ್ಲ. ಅಂಗಡಿಯವನು ಗುಜರಿಗೆ ಹಾಕೆಂದದ್ದು ಯಂತ್ರವನ್ನಾದರೂ, ಕಾಕಾರ ಕಿವಿಗೆ ಅದು ಬೇರೆಯದೇ ಮಾತಾಗಿ ಕೇಳಿಸಿತ್ತು.

ನಾನು ಈ ವಿದ್ಯೆಯಲ್ಲಿ ಪಾರಂಗತನಲ್ಲ. ಆದರೆ ಹೀಗೆ ಮುನಿಸಿಕೊಂಡ ಹಳೆಯ ಯಂತ್ರವೊಂದು ವಾಚಕರ ಮನೆಯ ಅಟ್ಟದ ಮೇಲೂ ಇರಬಹುದಾದ್ದರಿಂದ, ಅಂದು ನಾವು ಅನುಸರಿಸಿದ ಕ್ರಮವನ್ನು ಇಲ್ಲಿ ನಿವೇದಿಸುತ್ತೇನೆ. ಖಾನಾಪುರ ಗಡಿಗೆ ಹೆಂಚುಗಳಿಗೆ ಹೆಸರಾದ ಊರು. ಅಲ್ಲಿ ಗಡಿಗೆ ಕೊಳ್ಳುವವರು ಮೊದಲು ಬೆರಳಿನಿಂದ ತಟ್ಟಿ, ನಾದ ಕೇಳಿ, ಬಿರುಕಿದೆಯೋ ಇಲ್ಲವೋ ನಿರ್ಣಯಿಸುತ್ತಾರೆ, ಒಡೆದು ನೋಡುವುದಿಲ್ಲ. ಯಂತ್ರಕ್ಕೂ ಅದೇ ನ್ಯಾಯ. ಹೊರಗಿನಿಂದ ಒಳಗೆ ಹೋಗಬೇಕು.

ಮೊದಲನೆಯದು ವಿದ್ಯುತ್ತು. ಗೋಡೆಯ ಪ್ಲಗ್ಗಿಗೆ ಮೇಜಿನ ದೀಪವನ್ನು ಸಿಕ್ಕಿಸಿ ನೋಡಿದೆವು, ಉರಿಯಿತು. ಗೋಡೆಯ 230 ವೋಲ್ಟನ್ನು ಸುಮಾರು 19 ವೋಲ್ಟಿಗೆ ಇಳಿಸಿ ಕೊಡುವುದು ಚಾರ್ಜರಿನ ಕೆಲಸ. ಅದು ಸತ್ತಿದ್ದರೆ ಯಂತ್ರದ್ದೇನು ತಪ್ಪು? ನೆರೆಮನೆಯಿಂದ ಚಾರ್ಜರನ್ನು ಕಡ ತರುವುದಾದರೆ, ಅದರ ಬೆನ್ನಿನ ಮೇಲೆ ಅಚ್ಚಾದ ವೋಲ್ಟು ನಿಮ್ಮದರಷ್ಟೇ ಇರಬೇಕು, ಆಂಪಿಯರು ಕಡಿಮೆ ಇರಕೂಡದು. ನಮ್ಮ ಚಾರ್ಜರು ಸರಿಯಾಗಿಯೇ ಇತ್ತು.

ಎರಡನೆಯದು ಬ್ಯಾಟರಿ. ಹಳೆಯ ಲಿಥಿಯಮ್ ಬ್ಯಾಟರಿ ಒಳಗೆ ಅನಿಲ ತುಂಬಿ ಉಬ್ಬುವುದುಂಟು. ಯಂತ್ರದ ತಳ ಮೇಜಿನ ಮೇಲೆ ಸಮವಾಗಿ ಕೂಡದಿದ್ದರೆ, ಕೀಲಿಮಣೆ ಮೇಲೆದ್ದಂತೆ ಕಂಡರೆ, ಅಲ್ಲಿಗೇ ನಿಲ್ಲಿಸಿರಿ. ಚಾರ್ಜು ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹತ್ತುವ ಭಯವಿದೆ. ಕಾಕಾರ ಬ್ಯಾಟರಿ ಉಬ್ಬಿರಲಿಲ್ಲ. ಅದನ್ನು ತೆಗೆದಿಟ್ಟು, ಚಾರ್ಜರನ್ನೂ ಕಳಚಿ, ಚಾಲೂ ಮಾಡುವ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದೆವು. ಒಳಗೆ ಉಳಿದುಕೊಂಡ ವಿದ್ಯುತ್ತು ಇದರಿಂದ ಬರಿದಾಗುತ್ತದೆ; ಹಟ ಹಿಡಿದು ಕುಳಿತ ಎಷ್ಟೋ ಯಂತ್ರಗಳು ಇಷ್ಟಕ್ಕೇ ಎದ್ದುಬಿಡುತ್ತವೆ. ಬಳಿಕ ಬ್ಯಾಟರಿಯಿಲ್ಲದೆ ಚಾರ್ಜರನ್ನಷ್ಟೇ ಸಿಕ್ಕಿಸಿ ಗುಂಡಿ ಒತ್ತಿದೆ.

ದೀಪ ಹತ್ತಿತು. ಫ್ಯಾನು ತಿರುಗಿತು. ಪರದೆ ಮಾತ್ರ ಅಮಾವಾಸ್ಯೆಯಂತೆ ಕಪ್ಪು.

“ಜೀವ ಐತಿ ಅಂದಂಗಾತು,” ಎಂದರು ಕಾಕಾ.

ಮೂರನೆಯ ಪ್ರಶ್ನೆ: ಕೆಟ್ಟದ್ದು ಪರದೆಯೋ, ಒಳಗಿನದೋ? ಪರದೆಯ ಮೇಲೆ ಓರೆಯಾಗಿ ಬ್ಯಾಟರಿ ದೀಪ ಬಿಟ್ಟು ನೋಡಿರಿ. ಮಸುಕಾಗಿ ಅಕ್ಷರ ಕಂಡರೆ ಪರದೆಯ ಹಿಂದಿನ ಬೆಳಕು ಹೋಗಿದೆಯೆಂದು ಅರ್ಥ. ಎಚ್‌ಡಿಎಂಐ ತಂತಿಯಿಂದ ಟಿವಿಗೆ ಜೋಡಿಸಿ, ಅಲ್ಲಿ ಚಿತ್ರ ಮೂಡಿದರೂ ಅದೇ ತೀರ್ಮಾನ. ನಮಗೆ ಎರಡರಲ್ಲಿಯೂ ಏನೂ ಕಾಣಲಿಲ್ಲ. ಆದರೆ ಕಿವಿಗೊಟ್ಟು ಕೇಳಿದಾಗ, ಯಂತ್ರ ಬಿಟ್ಟು ಬಿಟ್ಟು ಬೀಪ್ ಎಂದು ಕೂಗುತ್ತಿತ್ತು. ಈ ಕೂಗಿಗೆ, ಕೆಲವು ಯಂತ್ರಗಳಲ್ಲಿ ಮಿಣುಕುವ ದೀಪಕ್ಕೆ, ಲೆಕ್ಕವುಂಟು. ಎಷ್ಟು ಸಲ ಕೂಗಿದರೆ ಯಾವ ಅಂಗದ ದೋಷವೆಂಬುದನ್ನು ತಯಾರಕರೇ ಪಟ್ಟಿ ಮಾಡಿರುತ್ತಾರೆ. ಕೈಪಿಡಿ ತೆಗೆದು ನೋಡಿದರೆ, ದೋಷ ರ್‍ಯಾಮಿನದು, ಎಂದರೆ ಯಂತ್ರದ ತಾತ್ಕಾಲಿಕ ನೆನಪಿನ ಪಟ್ಟಿಯದು ಎಂದಿತ್ತು.

ಖಾನಾಪುರದ ಕಡೆಯ ಮಳೆಯ ತೇವವನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಬಟ್ಟೆಗೆ ಬೂಷ್ಟು ಹಿಡಿಯುವ ಗಾಳಿಯಲ್ಲಿ ಲೋಹದ ಸಂಪರ್ಕಗಳೂ ಮಾಸುತ್ತವೆ. ವಿದ್ಯುತ್ತನ್ನು ಪೂರ್ತಿ ಕಳಚಿ, ಮೈಯಲ್ಲಿರಬಹುದಾದ ಸ್ಥಿರವಿದ್ಯುತ್ತು ಹೋಗಲೆಂದು ಕಬ್ಬಿಣದ ಕಿಟಕಿಯ ಸರಳನ್ನು ಮುಟ್ಟಿ, ತಳದ ಚಿಕ್ಕ ಮುಚ್ಚಳದ ತಿರುಪು ಬಿಚ್ಚಿದೆ. ಬೆರಳುದ್ದದ ಎರಡು ಪಟ್ಟಿಗಳು ಹೊರಬಂದವು. ಅವುಗಳ ಬಂಗಾರದ ಬಣ್ಣದ ಅಂಚನ್ನು ಮಗಳ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಒಂದೊಂದನ್ನೇ ಹಾಕಿ ಪರೀಕ್ಷಿಸಿದೆವು. (ಹೊಸ ತೆಳು ಯಂತ್ರಗಳಲ್ಲಿ ಈ ಪಟ್ಟಿಯನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ, ಬ್ಯಾಟರಿಯೂ ಒಳಗೇ ಇರುತ್ತದೆ. ಅವುಗಳಿಗೆ ಕೈ ಹಾಕದಿರುವುದೇ ಲೇಸು.) ಒಂದು ಪಟ್ಟಿ ಸತ್ತೇ ಹೋಗಿತ್ತು. ಇನ್ನೊಂದನ್ನು ಹಾಕಿ ಗುಂಡಿ ಒತ್ತಿದೊಡನೆ ಪರದೆ ಬೆಳಗಿತು.

ಮೂಲೆಯ ಗಡಿಯಾರ 2012ನೆಯ ಇಸವಿಯ ಜನವರಿ 1 ಎಂದು ತೋರಿಸುತ್ತಿತ್ತು. ಯಂತ್ರ ಮಲಗಿದ್ದಾಗಲೂ ಕಾಲವನ್ನು ನೆನಪಿಡಲು ಒಳಗೊಂದು 3 ವೋಲ್ಟಿನ ನಾಣ್ಯದಾಕಾರದ ಸೆಲ್ಲು ಇರುತ್ತದೆ. ಅದು ತೀರಿದರೆ ಹೀಗಾಗುತ್ತದೆ ಎಂದು ನಾನು ವಿವರಿಸಲು ಹೊರಟೆ. ಕಾಕಾ ನನ್ನ ಮಾತು ಕೇಳುತ್ತಿರಲಿಲ್ಲ. “ಆಗ ನಿಮ್ಮ ಕಾಕು ಇದ್ದಳು,” ಎಂದಷ್ಟೇ ಹೇಳಿದರು.

ಹಾಡು ಕೇಳುವ ಆತುರ ಇಬ್ಬರಿಗೂ ಇತ್ತು. ಆದರೂ ಮೊದಲು ಮಾಡಿದ ಕೆಲಸ ಪ್ರತಿ ತೆಗೆದದ್ದು. ಎದ್ದ ಹಳೆಯ ಯಂತ್ರ ಮತ್ತೆ ಏಳುವುದೆಂಬ ಭರವಸೆ ಯಾರಿಗೂ ಇಲ್ಲ. ಪೆನ್ ಡ್ರೈವೊಂದಕ್ಕೆ, ನನ್ನ ಕಂಪ್ಯೂಟರಿಗೊಂದು, ಪುಣೆಯಲ್ಲಿರುವ ಮೊಮ್ಮಗಳಿಗೊಂದು. ಪ್ರತಿ ಮೂರಿರಬೇಕು, ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಮನೆಯಲ್ಲಿರಬೇಕೆಂಬುದು ಬಲ್ಲವರ ನಿಯಮ.

ಹಾಡುಗಳ ಮಾತನ್ನು ಕಾಕಾ ನುಡಿಯಲ್ಲಿ ಬೆರಳಚ್ಚು ಮಾಡಿಯೂ ಇಟ್ಟಿದ್ದರು. ನನ್ನ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ! ಹಳೆಯ ನುಡಿ ಅಕ್ಷರಗಳು ಇಂದಿನ ಯೂನಿಕೋಡಿನವಲ್ಲದ ಕಾರಣ, ಆ ಫಾಂಟು ಇಲ್ಲದ ಯಂತ್ರದಲ್ಲಿ ಹೀಗೆ ಕಾಣುತ್ತದೆ. ಕಡತ ಕೆಟ್ಟಿತೆಂದು ಅಳಿಸಿಬಿಡಬೇಡಿ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿಕೊಂಡರೆ ಕನ್ನಡ ಮರಳಿ ಬರುತ್ತದೆ.

ಒಂದು ವೇಳೆ ಯಂತ್ರ ಏಳದೇ ಹೋಗಿದ್ದರೆ? ಆಗಲೂ ಹಾಡು ಹೋಗುತ್ತಿರಲಿಲ್ಲವೆಂಬುದೇ ನಾನು ಮುಖ್ಯವಾಗಿ ಹೇಳಬೇಕಾದದ್ದು. ಅಂಥ ಹಳೆಯ ಲ್ಯಾಪ್‌ಟಾಪಿನಲ್ಲಿ ನಾವು ಕೂಡಿಟ್ಟದ್ದೆಲ್ಲ ಇರುವುದು ಅಂಗೈಯಗಲದ ಹಾರ್ಡ್ ಡಿಸ್ಕಿನಲ್ಲಿ, ಮದರ್‌ಬೋರ್ಡಿನಲ್ಲಲ್ಲ. ಅದನ್ನು ಹೊರತೆಗೆದು, ಯುಎಸ್‌ಬಿ ತಂತಿಯಿಂದ ಬೇರೆ ಕಂಪ್ಯೂಟರಿಗೆ ಜೋಡಿಸಿ ಓದಬಹುದು. ಡಿಸ್ಕೇ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ ಮಾತ್ರ ಮತ್ತೆ ಮತ್ತೆ ಚಾಲೂ ಮಾಡದೆ, ದತ್ತಾಂಶ ಉಳಿಸುವುದರಲ್ಲಿ ನುರಿತವರಿಗೆ ಒಪ್ಪಿಸಬೇಕು. ಯಂತ್ರವನ್ನು ಗುಜರಿಗೆ ಹಾಕೆಂದವನು ಈ ಮಾತನ್ನು ಹೇಳಲಿಲ್ಲ; ನಾವೂ ಕೇಳುವುದಿಲ್ಲ.

ಸಂಜೆ ಮಳೆ ನಿಂತ ಮೇಲೆ ಕಾಕುವಿನ ಹಾಡು ಕೇಳಿದೆವು. ನಡುವೆ ಒಂದೆಡೆ ಆಕೆ ಹಾಡು ನಿಲ್ಲಿಸಿ, “ಸಾಕು ಬಿಡ್ರಿ, ಒಲಿ ಮ್ಯಾಲೆ ಹಾಲೈತಿ,” ಎಂದು ಗದರಿದ್ದೂ ಮುದ್ರಿತವಾಗಿತ್ತು. ಕಾಕಾ ಅದನ್ನೇ ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದರು.

ಎಂಟು ದಿನದಲ್ಲಿ ಊರಿನಿಂದ ಫೋನು ಬಂತು. “ಮತ್ತ ಮಲಗೇತಿ, ತಮ್ಮಾ. ಈ ಸಲ ದೀಪಾನೂ ಇಲ್ಲ.” ಆದರೆ ಕಾಕಾರ ದನಿಯಲ್ಲಿ ಮೊದಲಿನ ಕಳವಳವಿರಲಿಲ್ಲ. ಹಿಂದಿನಿಂದ, ಪೆನ್ ಡ್ರೈವು ಸಿಕ್ಕಿಸಿದ ಟಿವಿಯಲ್ಲಿ, ಯಾರೋ ಬೀಸುವ ಹಾಡು ಹಾಡುತ್ತಿರುವುದು ಕೇಳಿಸುತ್ತಿತ್ತು.