ಚೆಕ್ಕು ವಾಪಸಾಯಿತು, ಯಾವೂರ ಕೋರ್ಟಿಗೆ ಹೋಗಬೇಕು?

ಉದ್ರಿ ಕೊಟ್ಟು ಕೈ ಸುಟ್ಟುಕೊಂಡ ಅಂಗಡಿಯವರಿಗೆ ಚೆಕ್ ಬೌನ್ಸ್ ಕೇಸು ದೊಡ್ಡ ಆಸರೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ 1989ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಖಾತೆಯಲ್ಲಿ ಕಾಸಿಲ್ಲದೆ ಚೆಕ್ಕು ಬರೆದವನಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಇಮ್ಮಡಿವರೆಗೆ ದಂಡ, ಅಥವಾ ಎರಡೂ. ಕೇಳೋದಕ್ಕೇನೋ ಚೆನ್ನಾಗಿದೆ. ಆದರೆ ಕೇಸು ಹಾಕೋದು ಎಲ್ಲಿ? ಈ ಒಂದು ಪ್ರಶ್ನೆಯೇ ಎಷ್ಟೋ ಜನರ ಚಪ್ಪಲಿ ಸವೆಸಿದೆ.

ದಾವಣಗೆರೆಯ ಒಬ್ಬ ಬಟ್ಟೆ ವ್ಯಾಪಾರಿ ಬೀದರಿನ ಗಿರಾಕಿಗೆ ಮಾಲು ಕಳಿಸಿದ ಎನ್ನೋಣ. ಗಿರಾಕಿ ಕೊಟ್ಟದ್ದು ಬೀದರ್ ಬ್ಯಾಂಕಿನ ಚೆಕ್ಕು. ವ್ಯಾಪಾರಿ ಅದನ್ನು ದಾವಣಗೆರೆಯ ತನ್ನ ಖಾತೆಗೆ ಕಟ್ಟಿದ, ಚೆಕ್ಕು ವಾಪಸಾಯಿತು. 1999ರಲ್ಲಿ ಸುಪ್ರೀಂ ಕೋರ್ಟು ಭಾಸ್ಕರನ್ ಪ್ರಕರಣದಲ್ಲಿ ಹೇಳಿದ ಪ್ರಕಾರ ಅವನು ದಾವಣಗೆರೆಯಲ್ಲೇ ಫಿರ್ಯಾದು ಕೊಡಬಹುದಿತ್ತು. ಚೆಕ್ಕು ಬರೆದ ಊರು, ಕಟ್ಟಿದ ಊರು, ವಾಪಸಾದ ಊರು, ನೋಟೀಸು ಕೊಟ್ಟ ಊರು, ಹಣ ಬಾರದ ಊರು, ಐದರಲ್ಲಿ ಯಾವುದಾದರೂ ಸರಿ ಎಂದಿತ್ತು ಆ ತೀರ್ಪು.

2014ರ ಆಗಸ್ಟ್ 1ರಂದು ಚಿತ್ರವೇ ಬದಲಾಯಿತು. ದಶರಥ್ ರೂಪಸಿಂಗ್ ರಾಠೋಡ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು, ಚೆಕ್ಕು ಯಾವ ಬ್ಯಾಂಕಿನದೋ ಆ ಬ್ಯಾಂಕಿರುವ ಊರಲ್ಲೇ ಕೇಸು ಎಂದಿತು. ಸಾಕ್ಷ್ಯ ಶುರುವಾಗಿದ್ದ ಕೇಸುಗಳು ಇದ್ದಲ್ಲೇ ಉಳಿದವು. ಮಿಕ್ಕ ಫಿರ್ಯಾದುಗಳು ವಾಪಸ್. ಮೂವತ್ತು ದಿನದೊಳಗೆ ಸರಿಯಾದ ಕೋರ್ಟಿನಲ್ಲಿ ಹಾಕಿಕೊಳ್ಳಿ ಎಂದಾಯಿತು. ದುಡ್ಡು ಕಳಕೊಂಡವನೇ ಫೈಲು ಕಂಕುಳಲ್ಲಿಟ್ಟುಕೊಂಡು ಬೀದರಿನ ಬಸ್ಸು ಹತ್ತಬೇಕು, ಅಲ್ಲೊಬ್ಬ ವಕೀಲರನ್ನು ಹಿಡಿಯಬೇಕು!

ವರ್ಷ ತುಂಬುವುದರೊಳಗೆ ಮತ್ತೊಂದು ತಿರುವು. 2015ರ ಜೂನ್ 15ರಂದು ಸುಗ್ರೀವಾಜ್ಞೆ ಬಂತು, ವರ್ಷದ ಕೊನೆಗೆ ಅದೇ ಕಾಯ್ದೆಯಾಯಿತು. ಹಣ ಬರಬೇಕಾದವನ ಖಾತೆ ಯಾವ ಶಾಖೆಯಲ್ಲಿದೆಯೋ ಅಲ್ಲಿನ ಕೋರ್ಟಿಗೇ ಅಧಿಕಾರ ಎಂದು ಬರೆದರು. ಬಾಕಿ ಇದ್ದ ಕೇಸುಗಳೂ ಅಲ್ಲಿಗೇ ವರ್ಗ. ಬೀದರಿಗೆ ಹೋದ ಫೈಲು ಮತ್ತೆ ದಾವಣಗೆರೆಗೆ! ಫೈಲು ಅಡ್ಡಾಡಿತು, ಹಣ ಮಾತ್ರ ಅಡ್ಡಾಡಲಿಲ್ಲ.

2014ರ ತೀರ್ಪಿಗೆ ಕಾರಣ ಇರಲಿಲ್ಲ ಎನ್ನುವಂತಿಲ್ಲ. ಎಲ್ಲೋ ಕೂತು ನೋಟೀಸು ಕಳಿಸಿ, ಚೆಕ್ಕು ಕೊಟ್ಟವನನ್ನು ದೂರದೂರಿಗೆ ಎಳೆಯುವ ಚಾಳಿ ಬೆಳೆದಿತ್ತು. ಆ ಕಾಯಿಲೆ ಇನ್ನೂ ಪೂರ್ತಿ ವಾಸಿಯಾಗಿಲ್ಲ. ಫೈನಾನ್ಸ್ ಕಂಪನಿಯ ಖಾತೆ ಮುಂಬಯಿಯಲ್ಲಿದ್ದರೆ, ಕಂತು ತಪ್ಪಿದ ಹಾಸನದ ಆಟೋದವನು ಮುಂಬಯಿಗೇ ಹೋಗಬೇಕಾದೀತು. ಅಂಗಡಿಯವನಿಗೆ ಅನುಕೂಲವಾದ ಕಲಮೇ ಆಟೋದವನಿಗೆ ಉರುಳು.

ಗ್ರಾಹಕರ ಕೇಸಿನ ಕಥೆ ಬೇರೆ. 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಗ್ರಾಹಕ ಕಾಯ್ದೆಯಲ್ಲಿ, ದೂರುದಾರ ತಾನು ವಾಸವಿರುವ ಅಥವಾ ದುಡಿಯುವ ಊರಲ್ಲೇ ದೂರು ಕೊಡಬಹುದು. ಯಾವ ಮೊತ್ತದ ದೂರು ಜಿಲ್ಲಾ ಆಯೋಗಕ್ಕೆ, ಯಾವುದು ರಾಜ್ಯ ಆಯೋಗಕ್ಕೆ ಎಂಬ ಮಿತಿಯೂ ಬದಲಾಯಿತು. ಹಳೇ ಕೇಸುಗಳ ಗತಿ? ಅವು ಇದ್ದಲ್ಲೇ ನಡೆಯಲಿ ಎಂದು ಸುಪ್ರೀಂ ಕೋರ್ಟು 2021ರ ಮಾರ್ಚಿನಲ್ಲಿ ಹೇಳಿತು. ಒಂದು ಕಾಯ್ದೆಯಲ್ಲಿ ಹಳೇ ಕೇಸು ಊರೂರು ಅಲೆಯಿತು, ಇನ್ನೊಂದರಲ್ಲಿ ಅಲ್ಲಾಡಲಿಲ್ಲ. ಜನ ಯಾವುದನ್ನು ನಂಬಬೇಕು?

ಕಾನೂನು ಬದಲಾಗಬಾರದು ಎಂದು ಯಾರೂ ಹೇಳೋದಿಲ್ಲ. ಆದರೆ ತಿದ್ದುಪಡಿ ಮಾಡುವಾಗಲೇ ಹಳೇ ಕೇಸು ಎಲ್ಲಿ ನಡೆಯಬೇಕು ಎಂದು ಒಂದು ಸಾಲು ಸ್ಪಷ್ಟವಾಗಿ ಬರೆಯಲು ಏನು ಕಷ್ಟ? ದೊಡ್ಡ ಕಂಪನಿ ಬಡ ಸಾಲಗಾರನ ಮೇಲೆ ಹಾಕುವ ಕೇಸು ಸಾಲಗಾರನ ಜಿಲ್ಲೆಯಲ್ಲೇ ನಡೆಯಲಿ ಎಂದು ಪಾರ್ಲಿಮೆಂಟು ಯಾಕೆ ಹೇಳಬಾರದು?

ಅಲ್ಲಿಯವರೆಗೆ ಅಂಗಡಿಯವರು ಇಷ್ಟು ನೆನಪಿಡಲಿ. ಚೆಕ್ಕನ್ನು ಖಾತೆಗೇ ಕಟ್ಟಿ. ಅದೇ ಬ್ಯಾಂಕಿನ ಬೇರೆ ಶಾಖೆಯಲ್ಲಿ ಕಟ್ಟಿದರೂ ನಿಮ್ಮ ಖಾತೆಯ ಶಾಖೆಯಲ್ಲಿ ಕಟ್ಟಿದಂತೆಯೇ ಲೆಕ್ಕ. ಕೌಂಟರಿನಲ್ಲಿ ನಗದು ಕೇಳಲು ಹೋದರೆ ಕೇಸು ಚೆಕ್ಕು ಕೊಟ್ಟವನ ಶಾಖೆಯ ಊರಿಗೆ ಹೋಗುತ್ತದೆ. ವಾಪಸಾದ ಸುದ್ದಿ ಬಂದ 30 ದಿನದೊಳಗೆ ನೋಟೀಸು, ಅದು ತಲುಪಿ 15 ದಿನ ಕಾಯುವುದು, ಆಮೇಲೆ ಒಂದು ತಿಂಗಳೊಳಗೆ ಫಿರ್ಯಾದು. ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಕೋರ್ಟಿನ ಒಳಗೆ ನಡೆಯುವುದಕ್ಕೆ ಹುಟ್ಟಿದ್ದು. ಯಾವ ಕೋರ್ಟು ಎಂದು ಹುಡುಕುವುದರಲ್ಲೇ ಜನ ಸೋಲುವಂತಾಗಬಾರದು.