ಓದೋ, ಬಾಯಿಪಾಠವೋ?

ಪುಟದ ಮೇಲೆ ಬೆರಳಿಟ್ಟು ಪಾಠ ಒಪ್ಪಿಸುವ ಮಗು ಓದುತ್ತಿದೆಯೆಂದೇ ನಾವು ನಂಬಿಬಿಡುತ್ತೇವೆ. ಅವೇ ಒತ್ತಕ್ಷರಗಳು ಅಪರಿಚಿತ ವಾಕ್ಯದಲ್ಲಿ ಎದುರಾದೊಡನೆ ಅದು ತಡವರಿಸುತ್ತದೆ. ನೆನಪು ಬೇರೆ, ಓದು ಬೇರೆ.

2005ರಲ್ಲಿ ಆರಂಭವಾದ ‘ಅಸರ್’ ಸಮೀಕ್ಷೆಯು ಮನೆಗಳಿಗೇ ಹೋಗಿ, ಒಂದೊಂದು ಮಗುವಿನಿಂದಲೂ ಅಕ್ಷರ, ಪದ, ಸರಳ ವಾಕ್ಯ, ಕಿರುಕಥೆಗಳನ್ನು ಓದಿಸಿ ನೋಡುತ್ತದೆ. 2024ರಲ್ಲಿ ಗ್ರಾಮೀಣ ಭಾರತದ ಮೂರನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲವರು ಶೇಕಡಾ ಸುಮಾರು 27 ಮಾತ್ರ.

ಇಂತಹ ಪರೀಕ್ಷೆ ಇರುವುದು ಮಕ್ಕಳಿಗೆ ದರ್ಜೆ ಕೊಡಲಿಕ್ಕಲ್ಲ. ಮಗು ನಿಂತಿರುವ ಮೆಟ್ಟಿಲನ್ನು ಅರಿತು, ಅಲ್ಲಿಂದಲೇ ಕಲಿಸಲಿಕ್ಕೆ. ಪಾಲಕರೇ, ಶಿಕ್ಷಕರೇ, ಹೊಸ ಕಥೆಯೊಂದನ್ನು ಹಿಡಿದು ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳೋಣ; ತಿದ್ದುವ ಮುನ್ನ ಕೇಳಿಸಿಕೊಳ್ಳೋಣ. ತಡವರಿಸುವುದು ಮಗುವಿನ ತಪ್ಪಲ್ಲ. ಅದನ್ನು ಕೇಳಿಸಿಕೊಳ್ಳದೆ ಮುಂದಿನ ತರಗತಿಗೆ ದಾಟಿಸುವುದು ನಮ್ಮ ತಪ್ಪು.