ತಂತಿಗೆ ಮೊದಲು ವಸಡು

ಹಲ್ಲುಗಳು ತುಸು ಒತ್ತೊತ್ತಾಗಿದ್ದರೆ ಕ್ಲಿಪ್ ಹಾಕಿಸಿ ನೇರ ಮಾಡಿಸಿಕೊಳ್ಳುವುದು ಮಕ್ಕಳಿಗೆ ಮಾತ್ರವಲ್ಲ, ನಲವತ್ತು ದಾಟಿದವರಿಗೂ ಸಾಧ್ಯ. ಗಿರಾಕಿಗಳೆದುರು ದಿನವಿಡೀ ನಗುಮುಖದಿಂದ ನಿಲ್ಲಬೇಕಾದ ಹೋಟೆಲ್ ಕೆಲಸಗಾರನಿಗೆ ಈ ಆಸೆ ಇರಬಾರದೆಂದು ಹೇಳುವವರು ಯಾರು? ಆದರೆ ಬೆವರು ಸುರಿಸಿ ಕೂಡಿಟ್ಟ ಹಣವನ್ನು ತಂತಿಗೆ ತೆರುವ ಮುನ್ನ ವಸಡನ್ನು ಪರೀಕ್ಷೆ ಮಾಡಿಸಿಕೊಳ್ಳಿರಿ ಎಂಬುದು ನಮ್ಮ ಅಭಿಪ್ರಾಯ.

ಹಲ್ಲು ಗೋಡೆಗೆ ಹೊಡೆದ ಮೊಳೆಯಲ್ಲ. ತಂತಿಯ ಒತ್ತಡ ಬಿದ್ದ ಕಡೆ ದವಡೆಯ ಮೂಳೆ ಕರಗುತ್ತದೆ, ಇನ್ನೊಂದು ಕಡೆ ಹೊಸತು ಬೆಳೆಯುತ್ತದೆ. ಹಲ್ಲು ಸರಿಯುವುದು ಹೀಗೆ. ವಸಡಿನೊಳಗೆ ರೋಗವಿಟ್ಟುಕೊಂಡು ಹಲ್ಲನ್ನು ಎಳೆದರೆ ಮೂಳೆ ಕರಗುವುದೇ ಹೆಚ್ಚಾಗಿ, ನೇರವಾಗಬೇಕಾದ ಹಲ್ಲು ಅಲ್ಲಾಡತೊಡಗೀತು. ವಯಸ್ಸಾದಂತೆ ಈ ಭಯ ಹೆಚ್ಚು. ಬೀಡಿ ಸೇದುವವರಲ್ಲಿ ರೋಗವಿದ್ದರೂ ರಕ್ತ ಕಡಿಮೆ ಬರುವುದರಿಂದ ಅದು ಮರೆಯಲ್ಲೇ ಬೆಳೆಯುತ್ತದೆ.

ಆದುದರಿಂದ ವೈದ್ಯರು ವಸಡಿನ ಸಂದಿಗಳ ಆಳ ಅಳೆದು, ಎಕ್ಸ್‌ರೇ ನೋಡಿ, ಹಲ್ಲಿನ ಕಿಟ್ಟ ತೆಗೆದು, ವಸಡು ವಾಸಿಯಾದ ಮೇಲೆಯೇ ತಂತಿ ಕಟ್ಟತಕ್ಕದ್ದು. ಅವಸರಪಡಿಸುವವರನ್ನು ನಂಬಬೇಡಿರಿ. ಸ್ವಲ್ಪ ಒತ್ತಾದ ಹಲ್ಲು ರೋಗವಲ್ಲ, ಅದು ಕಾಯಬಲ್ಲದು. ವಸಡಿನ ರೋಗ ಕಾಯದು.

ಕಟ್ಟಿಸಿದ ಮೇಲೆ ತಂತಿಯ ಸುತ್ತ ಅನ್ನದ ಅಗುಳು, ಪಾಚಿ ನಿಲ್ಲುತ್ತವೆ. ದಿನಕ್ಕೆರಡು ಬಾರಿ ವಸಡಿನ ಅಂಚಿನವರೆಗೂ ಮೆದುವಾದ ಬ್ರಷ್‌ನಿಂದ ಉಜ್ಜಬೇಕು. ಸಂದಿಗೆ ಚಿಕ್ಕ ಬ್ರಷ್ ಬೇಕು. ರಕ್ತ ಬಂತೆಂದು ಉಜ್ಜುವುದನ್ನು ನಿಲ್ಲಿಸದೆ ವೈದ್ಯರಿಗೆ ತಿಳಿಸಿರಿ. ತಿಂಗಳುಗಟ್ಟಲೆ ಊರಿಗೆ ಹೋಗುವವರು ಮೊದಲೇ ಹೇಳಿ ಹೋಗಬೇಕು. ತಂತಿ ಬಿಚ್ಚಿದ ಮೇಲೂ ಹಲ್ಲು ಮರಳಿ ವಕ್ರವಾಗದಂತೆ ಕೊಡುವ ರಿಟೇನರ್ ಧರಿಸಲೇಬೇಕು.

ದೂರ ಹೋಗಬೇಕಾಗಿಲ್ಲ. ಡಾ. ರಫಿಯುದ್ದೀನ್ ಅಹಮದ್ ಅವರು 1920ರಲ್ಲಿ ದೇಶದ ಮೊದಲನೆಯ ದಂತ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ್ದು ಇದೇ ಕಲ್ಕತ್ತೆಯಲ್ಲಿ. 1949ರಲ್ಲಿ ಅದನ್ನು ಸರಕಾರಕ್ಕೆ ದಾನವಾಗಿತ್ತರು. ಸಿಯಾಲ್ದಾ ಬಳಿ ಅವರ ಹೆಸರಿನಲ್ಲೇ ಇರುವ ಆ ಸರಕಾರಿ ಆಸ್ಪತ್ರೆಯಲ್ಲಿ ವಸಡಿಗೂ ಹಲ್ಲು ನೇರ ಮಾಡುವುದಕ್ಕೂ ಪ್ರತ್ಯೇಕ ವಿಭಾಗಗಳಿವೆ.

ಮಾಲೀಕರಿಗೂ ಒಂದು ಮಾತು. ಊಟವಾದ ಮೇಲೆ ಬಾಯಿ ತೊಳೆಯಲು ಐದು ನಿಮಿಷದ ಬಿಡುವು, ಒಂದು ನಲ್ಲಿ ನೀರು, ಆಸ್ಪತ್ರೆಗೆ ಹೋಗಲು ತಿಂಗಳಿಗೆ ಅರ್ಧ ದಿನದ ರಜೆ: ಇಷ್ಟನ್ನು ಕೇಳುವುದು ದುರಾಸೆಯಲ್ಲ. ನಮ್ಮ ಸಂಘಗಳು ಇದನ್ನು ಬೇಡಿಕೆಗಳ ಪಟ್ಟಿಗೆ ಸೇರಿಸಲಿ.